ದಂಡೆಯ ಬ್ಯಾಂಕು, ದುಡ್ಡಿನ ಬ್ಯಾಂಕು, ನಡುವೆ ಒಂದು ಬೆಂಚು

ಪ್ರಶ್ನೆ: ಸುದ್ದಿಯಲ್ಲಿ ‘ವೆಸ್ಟ್ ಬ್ಯಾಂಕ್’ ಅಂತ ಕೇಳಿಸಿಕೊಂಡ ನನ್ನ ಮಗಳು, ‘ಅದು ಯಾವ ಬ್ಯಾಂಕಪ್ಪ? ಅಲ್ಲಿ ಯಾಕೆ ಅಷ್ಟು ಜಗಳ?’ ಎಂದು ಕೇಳಿದಳು. ಅದು ದುಡ್ಡಿನ ಬ್ಯಾಂಕಲ್ಲ, ನದಿಯ ದಂಡೆ ಎಂದೆ. ‘ಹಾಗಾದ್ರೆ ಎರಡಕ್ಕೂ ಒಂದೇ ಪದ ಯಾಕೆ?’ ಎಂದಾಗ ಉತ್ತರ ಹೊಳೆಯಲಿಲ್ಲ. ಹುಡುಕಿದರೆ ಒಂದು ಕಡೆ ‘ಎರಡೂ ಬೇರೆ ಬೇರೆ ಪದ, ಉಚ್ಚಾರ ಸುಮ್ನೆ ಒಂದೇ ಆಗಿದೆ’ ಎಂದಿದೆ. ಇನ್ನೊಂದು ಕಡೆ ‘ಹಿಂದೆ ನದಿ ದಡದಲ್ಲಿ ವ್ಯಾಪಾರ ನಡೆಯುತ್ತಿತ್ತು, ಅದಕ್ಕೇ ಹಣದ ಜಾಗಕ್ಕೆ ಆ ಹೆಸರು ಬಂತು’ ಎಂದಿದೆ. ಯಾವುದು ನಿಜ?

ಉತ್ತರ: ನದಿ ದಡದ ವ್ಯಾಪಾರದ ಕತೆಯನ್ನು ಮೊದಲೇ ಪಕ್ಕಕ್ಕಿಟ್ಟುಬಿಡಿ. ಅದಕ್ಕೆ ಆಧಾರವಿಲ್ಲ. ಎರಡು ಅರ್ಥ ಕಂಡಲ್ಲಿ ನಡುವೆ ಒಂದು ಸೇತುವೆ ಕಟ್ಟೋಣ ಅಂತ ಯಾರಿಗೋ ಅನಿಸಿದೆ, ಕಟ್ಟಿದ್ದಾರೆ. ‘ಬೇರೆ ಬೇರೆ ಪದ’ ಅನ್ನುವ ಮಾತು ಮಾತ್ರ ಅರ್ಧ ಸರಿ. ಇವು ಇಂಗ್ಲಿಷಿಗೆ ಬಂದ ಕಾಲ ಬೇರೆ, ಬಂದ ದಾರಿ ಬೇರೆ. ಆದರೆ ಹೊರಟ ಮನೆ ಒಂದೇ. ಆ ಮನೆಯ ಇನ್ನೊಂದು ಕೂಸು ಕನ್ನಡಕ್ಕೂ ಬಂದು ಎಷ್ಟೋ ಕಾಲವಾಗಿದೆ. ಅದು ‘ಬೆಂಚು’.

ದಂಡೆ, ಬೆಂಚು, ದುಡ್ಡು. ಈ ಮೂರಕ್ಕೂ ಏನು ನಂಟು? ಕನ್ನಡ ಬಲ್ಲವರಿಗೆ ಇದನ್ನು ಹೇಳುವುದು ಸುಲಭ, ಯಾಕಂದ್ರೆ ನಮ್ಮಲ್ಲಿ ‘ಕಟ್ಟೆ’ ಇದೆ. ಕೆರೆಕಟ್ಟೆ ಎಂದಾಗ ಅದು ನೀರು ತಡೆಯುವ ಮಣ್ಣಿನ ಏರಿ. ಅರಳಿಕಟ್ಟೆ ಎಂದಾಗ ಕೂರುವ ಜಾಗ. ಮಣ್ಣೋ ಕಲ್ಲೋ ನೆಲದಿಂದ ಒಂದಿಷ್ಟು ಮೇಲೆದ್ದು, ಉದ್ದಕ್ಕೆ ಚಾಚಿಕೊಂಡು, ಮೇಲ್ಭಾಗ ಮಟ್ಟಸವಾಗಿದ್ದರೆ ಆಯಿತು. ನೀರಿಗೆ ಅದು ತಡೆ, ನಡೆದು ದಣಿದವನಿಗೆ ಅದು ಆಸನ. ನಾವು ಎರಡಕ್ಕೂ ಕಟ್ಟೆ ಅನ್ನುತ್ತೇವೆ. ಕೇಳಿದವರಿಗೆ ಗೊಂದಲ ಆಗುವುದಿಲ್ಲ.

ಇಂಗ್ಲಿಷ್, ಜರ್ಮನ್, ಡಚ್, ಡ್ಯಾನಿಶ್, ಸ್ವೀಡಿಷ್ ಇವೆಲ್ಲ ಅಕ್ಕತಂಗಿ ನುಡಿಗಳು. ಇವುಗಳ ತಾಯಿಯನ್ನು ಭಾಷಾ ವಿಜ್ಞಾನಿಗಳು ಮೂಲ ಜರ್ಮಾನಿಕ್ ಎನ್ನುತ್ತಾರೆ. ಅದರಲ್ಲಿ ಬರೆದ ಪುಸ್ತಕಗಳಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಿದ ಹಾಗೆ, ಈಗಿನ ಮತ್ತು ಹಳೆಯ ನುಡಿಗಳನ್ನು ಹೋಲಿಸಿ ಅದರ ಪದಗಳನ್ನು ಕಟ್ಟಿಕೊಂಡಿದ್ದಾರೆ. ಅಲ್ಲಿ ‘ಬಂಕಿಜ಼್’ ಅಂತ ಒಂದು ರೂಪ ಸಿಗುತ್ತದೆ, ಕೂರುವ ಹಲಗೆ ಎಂಬ ಅರ್ಥದಲ್ಲಿ. ಅದರ ಒಡಹುಟ್ಟು ರೂಪವೊಂದಕ್ಕೆ ದಿಬ್ಬ, ಏರು ಎಂಬ ಅರ್ಥ. ನಮ್ಮ ಕಟ್ಟೆಯ ಜೋಡಿ ಅರ್ಥಗಳೇ. ಈ ಒಂದು ಬುಡದಿಂದ ಇಂಗ್ಲಿಷಿಗೆ ಪದಗಳು ಮುಖ್ಯವಾಗಿ ಮೂರು ಸಲ ಬಂದವು.

ಮೊದಲು ಬಂದದ್ದು ಬೆಂಚು. 5ನೇ ಶತಮಾನದ ಹೊತ್ತಿಗೆ ಆಂಗಲ್ ಮತ್ತು ಸ್ಯಾಕ್ಸನ್ ಜನ ಬ್ರಿಟನ್ನಿಗೆ ಬಂದು ನೆಲೆಸಿದಾಗ ತಂದ ಮನೆಮಾತಿನ ಪದ ಅದು. ಅಲ್ಲಿ ‘ಕ’ ಇದ್ದದ್ದು ‘ಚ’ ಆಯಿತು, ‘ಅ’ ಇದ್ದದ್ದು ‘ಎ’ ಆಯಿತು. ‘ಕ’ದ ನಂತರ ಇದ್ದ ಒಂದು ‘ಇ’ ಸ್ವರ ಈ ಕೆಲಸ ಮಾಡಿ, ಆಮೇಲೆ ತಾನೇ ಮಾಯವಾಯಿತು. ಇದು ಈ ಪದದ ಒಂಟಿ ಕತೆಯೇನಲ್ಲ. ಇಂಗ್ಲಿಷಿನಲ್ಲಿ ‘ಸ್ಟಿಂಕ್’ ಅಂದರೆ ನಾರು, ‘ಸ್ಟೆಂಚ್’ ಅಂದರೆ ನಾತ. ‘ಡ್ರಿಂಕ್’ ಅಂದರೆ ಕುಡಿ, ‘ಡ್ರೆಂಚ್’ ಅಂದರೆ ತೊಯ್ಸು. ಅದರ ಹಳೆಯ ಅರ್ಥ ‘ಕುಡಿಸು’. ಅದೇ ಕ–ಚ ಜೋಡಿ. ನಮ್ಮ ಕಡೆಯೂ ಇದೇ ಆಟ ನಡೆದಿದೆ. ನಾವು ‘ಕಿವಿ’ ಎಂದರೆ ತೆಲುಗಿನವರು ‘ಚೆವಿ’ ಎನ್ನುತ್ತಾರೆ.

ಎರಡನೆಯದು ದಂಡೆಯ ಬ್ಯಾಂಕು. ಇದನ್ನು ತಂದವರು ವೈಕಿಂಗರು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. 9ನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಬಂದವರು ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗದಲ್ಲಿ ನೆಲೆಯೂರಿದರು. ಕೊಳ್ಳೆ ಹೊಡೆಯಲು ಬಂದವರು ಅಲ್ಲೇ ಬೇಸಾಯಕ್ಕೆ ನಿಂತರು, ಮದುವೆ ಸಂಬಂಧ ಬೆಳೆಸಿದರು, ಪದಗಳನ್ನೂ ಬಿಟ್ಟರು. ಆಕಾಶಕ್ಕೆ ‘ಸ್ಕೈ’, ಮೊಟ್ಟೆಗೆ ‘ಎಗ್’, ಕಿಟಕಿಗೆ ‘ವಿಂಡೋ’, ಅಷ್ಟೇ ಯಾಕೆ, ‘ಅವರು’ ಎನ್ನಲು ‘ದೇ’ ಕೂಡ ಅವರ ಮಾತಿನಿಂದಲೇ ಬಂದದ್ದು. ಬ್ಯಾಂಕು 1200ರ ಸುಮಾರಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ಇವತ್ತಿಗೂ ಸ್ವೀಡಿಷ್‌ನಲ್ಲಿ ‘ಬಾಕೆ’ ಎಂದರೆ ಗುಡ್ಡ, ಏರು. ಐಸ್‌ಲ್ಯಾಂಡಿನವರ ‘ಬಾಕ್ಕಿ’ ಎಂದರೆ ದಡ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಬ್ಯಾಂಕಿಗೂ ನೀರಿಗೂ ಹುಟ್ಟಿನಿಂದ ಸಂಬಂಧವಿಲ್ಲ. ಅರ್ಥ ಇರುವುದು ಏರಿನಲ್ಲಿ, ಇಳಿಜಾರಿನಲ್ಲಿ. ಅದಕ್ಕೇ ನೀರಿಲ್ಲದ ಕಡೆಯೂ ಈ ಪದ ಓಡಾಡುತ್ತದೆ. ದಟ್ಟವಾಗಿ ಗುಡ್ಡೆಗಟ್ಟಿದ ಮೋಡ, ಮಂಜು, ಹಿಮ ಎಲ್ಲವೂ ಬ್ಯಾಂಕೇ. ಸಮುದ್ರದೊಳಗೆ ತಳ ಮೇಲೆದ್ದು ನೀರು ಆಳ ಕಡಿಮೆ ಇರುವ ಜಾಗವೂ ಬ್ಯಾಂಕು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಹತ್ತಿರದ ‘ಗ್ರ್ಯಾಂಡ್ ಬ್ಯಾಂಕ್ಸ್’, ಇಂಗ್ಲೆಂಡಿನ ಪೂರ್ವಕ್ಕೆ ಉತ್ತರ ಸಮುದ್ರದಲ್ಲಿರುವ ‘ಡಾಗರ್ ಬ್ಯಾಂಕ್’ ಇಂಥವು. ಹೆಸರು ಕೇಳಿ ಹಣಕಾಸು ಸಂಸ್ಥೆ ಅಂದುಕೊಂಡರೆ ಸಿಗುವುದು ಮೀನು. ವಿಮಾನ ತಿರುಗುವಾಗ ಒಂದು ರೆಕ್ಕೆ ಕೆಳಗೆ, ಒಂದು ರೆಕ್ಕೆ ಮೇಲೆ ಮಾಡಿ ವಾಲುತ್ತದಲ್ಲ, ಅದಕ್ಕೂ ಬ್ಯಾಂಕ್ ಮಾಡುವುದು ಎನ್ನುತ್ತಾರೆ. ತಿರುವಿನಲ್ಲಿ ರಸ್ತೆಯ ಹೊರಅಂಚನ್ನು ಎತ್ತರಿಸಿದರೆ ಅದೂ ಅದೇ.

ಇನ್ನೊಂದು ಬಳಕೆ ನನಗೆ ಬಹಳ ಇಷ್ಟ. ರಾತ್ರಿ ಮಲಗುವ ಮುಂಚೆ ಒಲೆಯ ಕೆಂಡದ ಮೇಲೆ ಬೂದಿ ಎಳೆದು ಗುಡ್ಡೆ ಮಾಡಿ ಮುಚ್ಚುತ್ತಾರಲ್ಲ, ಬೆಳಿಗ್ಗೆ ಕೆದಕಿದರೆ ಒಳಗೆ ಕೆಂಡ ಇನ್ನೂ ಜೀವಂತವಾಗಿರಲಿ ಅಂತ? ಇಂಗ್ಲಿಷಿನಲ್ಲಿ ಅದನ್ನೂ ‘ಬೆಂಕಿಯನ್ನು ಬ್ಯಾಂಕ್ ಮಾಡುವುದು’ ಎನ್ನುತ್ತಾರೆ. ಬೆಂಕಿಯನ್ನು ನಾಳೆಗೆ ಉಳಿತಾಯ ಖಾತೆಗೆ ಹಾಕಿದ ಹಾಗೆ ಕೇಳಿಸುತ್ತದೆ. ಆದರೆ ಇದು ದುಡ್ಡಿನ ಬ್ಯಾಂಕಲ್ಲ, ದಿಬ್ಬದ ಬ್ಯಾಂಕು. ಬೂದಿಯ ದಿಬ್ಬ.

ಇನ್ನು ಮೂರನೆಯದು, ದುಡ್ಡಿನದು. ಇದರ ಪಯಣ ಎಲ್ಲಕ್ಕಿಂತ ಉದ್ದ. ಜರ್ಮಾನಿಕ್ ನುಡಿಯಾಡುವ ಜನ ದಕ್ಷಿಣಕ್ಕೆ ಇಳಿದು ರೋಮನ್ನರ ನಾಡುಗಳಲ್ಲಿ ಬೆರೆತಾಗ ಅವರ ಬೆಂಚಿನ ಪದ ಅಲ್ಲಿಯ ಮಾತಿಗೂ ಹೊಕ್ಕಿತು. ಇಟಲಿಯಲ್ಲಿ ಅದು ‘ಬಾಂಕೊ’ ಮತ್ತು ‘ಬಾಂಕಾ’ ಆಯಿತು. ಅರ್ಥ ಬೆಂಚು, ಮುಂದೆ ಮೇಜು, ಗಲ್ಲಾ ಕೂಡ. ಆ ಕಾಲದ ಇಟಲಿಯಲ್ಲಿ ಒಂದೊಂದು ಊರಿಗೆ ಒಂದೊಂದು ನಾಣ್ಯ. ಫ್ಲಾರೆನ್ಸಿನ ನಾಣ್ಯ ಬೇರೆ, ವೆನಿಸ್‌ನದು ಬೇರೆ. ಬದಲಾಯಿಸಿಕೊಡುವವರು ಬೇಕೇ ಬೇಕು. ಅವರು ಸಂತೆಯಲ್ಲಿ ಒಂದು ಬಾಂಕೊ ಹಾಕಿಕೊಂಡು ಕೂರುತ್ತಿದ್ದರು. ಮೇಲೆ ಒಂದು ಬಟ್ಟೆ, ನಾಣ್ಯದ ಚೀಲ, ಲೆಕ್ಕದ ಪುಸ್ತಕ, ತಕ್ಕಡಿ. ಅಲ್ಲಿಗೆ ಬ್ಯಾಂಕು ಮುಗಿಯಿತು. ಕಟ್ಟಡ ಇಲ್ಲ, ಕಬ್ಬಿಣದ ಬಾಗಿಲಿಲ್ಲ.

ಆ ಮೇಜು ನೋಡಬೇಕೆಂದರೆ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಒಂದು ಚಿತ್ರ ಇದೆ. ಆಂಟ್‌ವರ್ಪ್‌ನ ಕ್ವೆಂಟಿನ್ ಮಾಟ್ಸೀಸ್ 1514ರಲ್ಲಿ ಬಿಡಿಸಿದ್ದು. ಲೇವಾದೇವಿಗಾರ ಪುಟ್ಟ ತಕ್ಕಡಿ ಹಿಡಿದು ನಾಣ್ಯ ತೂಗುತ್ತಿದ್ದಾನೆ. ಪಕ್ಕದಲ್ಲಿ ಹೆಂಡತಿ. ಅವಳ ಕೈ ಪ್ರಾರ್ಥನೆಯ ಪುಸ್ತಕದ ಹಾಳೆ ಮೇಲೆ, ಕಣ್ಣು ಮಾತ್ರ ನಾಣ್ಯದ ಮೇಲೆ. ಮುಂದೆ ಹರಡಿಕೊಂಡ ಮೇಜಿನ ಮೇಲೆ ಒಂದು ದುಂಡು ಕನ್ನಡಿ. ಚಿತ್ರ ಇಟಲಿಯದಲ್ಲ, ಆದರೆ ಹಣದ ವ್ಯವಹಾರ ಅಂದರೆ ಒಂದು ಮೇಜು ಅನ್ನುವುದು ಅದರಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಬರಬರುತ್ತಾ ಮೇಜಿನ ಹೆಸರು ವ್ಯವಹಾರಕ್ಕೆ ಅಂಟಿಕೊಂಡಿತು. ಮೆಡಿಚಿ ಮನೆತನದವರು ಫ್ಲಾರೆನ್ಸಿನಲ್ಲಿ 1397ರಲ್ಲಿ ಶುರು ಮಾಡಿದ್ದು ಆಗಲೇ ಊರೂರಿಗೆ ಶಾಖೆ ಇದ್ದ ದೊಡ್ಡ ಉದ್ಯಮವಾಗಿ ಬೆಳೆಯಿತು. ಆದರೂ ಹೆಸರು ಬಾಂಕೊ. 15ನೇ ಶತಮಾನದ ಕೊನೆಗೆ ಆ ಪದ ಇಟಾಲಿಯನ್, ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಅಷ್ಟು ಹೊತ್ತಿಗೆ ದಂಡೆಯ ಬ್ಯಾಂಕು ಅಲ್ಲಿ ಮುನ್ನೂರು ವರ್ಷದ ಹಳೆಯ ನಿವಾಸಿ. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿತು.

ಹೀಗಾಗಿ ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಬ್ಯಾಂಕ್ ಒಂದು, ಬ್ಯಾಂಕ್ ಎರಡು, ಬ್ಯಾಂಕ್ ಮೂರು ಅಂತ ಬೇರೆ ಬೇರೆ ನಮೂದು ಇರುತ್ತದೆ. ನೀವು ಓದಿದ ‘ಬೇರೆ ಬೇರೆ ಪದ’ ಅನ್ನುವ ಮಾತು ಅಲ್ಲಿಂದ ಬಂದಿರಬೇಕು. ನಿಘಂಟಿನವರು ಕೊನೆಯ ನಿಲ್ದಾಣ ನೋಡುತ್ತಾರೆ: ಇಂಗ್ಲಿಷಿಗೆ ಇದು ಯಾರ ಕೈಯಿಂದ ಬಂತು? ವೈಕಿಂಗರಿಂದ ಬಂದದ್ದು ಒಂದು, ಇಟಲಿಯಿಂದ ಬಂದದ್ದು ಇನ್ನೊಂದು. ಮತ್ತೊಂದು ಯಾವುದು ಅಂತೀರಾ? ಅದು ಫ್ರೆಂಚಿನ ‘ಬಾಂಕ್’, ಬೆಂಚು ಅಂತಲೇ ಅರ್ಥ. ಹಳೆಯ ಹಡಗುಗಳಲ್ಲಿ ಹುಟ್ಟು ಹಾಕುವವರು ಸಾಲಾಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಆ ಸಾಲಿಗೆ ಬ್ಯಾಂಕ್ ಎಂಬ ಹೆಸರು ಬಂತು. ಇವತ್ತು ಒಂದೇ ಗೋಡೆಯಲ್ಲಿ ಸಾಲಾಗಿ ನಾಲ್ಕು ಲಿಫ್ಟ್ ಇದ್ದರೆ ಅದನ್ನು ಲಿಫ್ಟುಗಳ ಬ್ಯಾಂಕ್ ಎನ್ನುವುದು ಅದೇ ಹುಟ್ಟಿನವರ ಬೆಂಚಿನ ನೆನಪು.

ನಿಘಂಟಿನವರದು ತಪ್ಪು ಅಂತಲ್ಲ. ಆದರೆ ಶಾಲೆಗಳಲ್ಲಿ ‘ಸಂಬಂಧವೇ ಇಲ್ಲದ ಸಮಾನ ಉಚ್ಚಾರದ ಪದ’ಕ್ಕೆ ಇದನ್ನೇ ಉದಾಹರಣೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಆ ಕೆಲಸಕ್ಕೆ ಬೇರೆ ಒಳ್ಳೆಯ ಪದಗಳಿವೆ. ‘ಬಾರ್ಕ್’ ತೆಗೆದುಕೊಳ್ಳಿ. ನಾಯಿ ಬೊಗಳುವುದು ಬಾರ್ಕ್, ಅದು ಹಳೆಯ ಇಂಗ್ಲಿಷಿನದು. ಮರದ ತೊಗಟೆ ಬಾರ್ಕ್, ಅದು ವೈಕಿಂಗರದು. ಒಂದು ಬಗೆಯ ಹಡಗೂ ಬಾರ್ಕ್, ಅದು ಲ್ಯಾಟಿನ್ನಿನಿಂದ ಫ್ರೆಂಚಿಗೆ ಹೋಗಿ ಬಂದದ್ದು. ಮೂರಕ್ಕೂ ಬುಡವೇ ಬೇರೆ. ಕನ್ನಡದಲ್ಲಿ ಇದಕ್ಕೆ ಸರಿಸಾಟಿ ‘ಅರಿ’. ತಿಳಿ ಎಂಬ ಅರ್ಥದ ಅರಿಯನ್ನು ಹಳಗನ್ನಡದಲ್ಲಿ ‘ಅಱಿ’ ಎಂದು ಬರೆಯುತ್ತಿದ್ದರು. ಕತ್ತರಿಸು ಎಂಬ ಅರ್ಥದ ಅರಿಗೆ ಮಾಮೂಲು ‘ರ’. ಶತ್ರು ಎಂಬ ಅರ್ಥದ ಅರಿ ಸಂಸ್ಕೃತದಿಂದ ಬಂದದ್ದು. ‘ಱ’ ಅಕ್ಷರ ಬಳಕೆಯಿಂದ ಹೋದ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ಬಾರ್ಕ್ ಮತ್ತು ಅರಿ ನಿಜವಾದ ಆಕಸ್ಮಿಕಗಳು. ಬ್ಯಾಂಕು ಹಾಗಲ್ಲ, ಅದು ಸಂತೆಯಲ್ಲಿ ಕಳೆದುಹೋಗಿ ಎಷ್ಟೋ ವರ್ಷದ ಮೇಲೆ ಒಂದೇ ಊರಲ್ಲಿ ಸಿಕ್ಕ ಅಣ್ಣತಮ್ಮಂದಿರ ಕತೆ.

ಉಳಿದ ನುಡಿಗಳಲ್ಲಿ ಈ ನಂಟು ಇನ್ನೂ ಎದ್ದು ಕಾಣುತ್ತದೆ. ಜರ್ಮನ್ನರಿಗೆ ಕೂರುವ ಬೆಂಚೂ ‘ಬಾಂಕ್’, ಹಣದ ಬ್ಯಾಂಕೂ ‘ಬಾಂಕ್’. ಬಹುವಚನದಲ್ಲಿ ಮಾತ್ರ ಬೇರೆಯಾಗುತ್ತವೆ: ಬೆಂಚುಗಳಾದರೆ ‘ಬೆಂಕೆ’, ಬ್ಯಾಂಕುಗಳಾದರೆ ‘ಬಾಂಕೆನ್’. ನದಿ ದಡಕ್ಕೆ ಅವರು ‘ಉಫರ್’ ಎಂಬ ಬೇರೆಯೇ ಪದ ಬಳಸುತ್ತಾರೆ. ಸ್ಪ್ಯಾನಿಷ್‌ನ ‘ಬಾಂಕೊ’ಗೂ ಬೆಂಚು, ಬ್ಯಾಂಕು ಎರಡೂ ಅರ್ಥ. ‘ಪಾರ್ಕಿನ ಬಾಂಕೊ ಮೇಲೆ ಕೂತು ಬಾಂಕೊ ತೆರೆಯುವುದನ್ನು ಕಾಯುತ್ತಿದ್ದೆ’ ಅಂತ ಅಲ್ಲಿ ಯಾರಾದರೂ ಹೇಳಿದರೆ ಅದು ತಮಾಷೆಯಲ್ಲ. ಇಟಲಿಯ ಮಕ್ಕಳು ಶಾಲೆಯಲ್ಲಿ ಕೂರುವ ಡೆಸ್ಕಿಗೂ ‘ಬಾಂಕೊ’ ಎಂದೇ ಹೆಸರು.

ಆ ಮೇಜಿನಿಂದ ಇನ್ನೂ ಕೆಲವು ಪದ ಹುಟ್ಟಿವೆ. ದಿವಾಳಿಗೆ ಇಂಗ್ಲಿಷಿನಲ್ಲಿ ‘ಬ್ಯಾಂಕ್ರಪ್ಟ್’ ಎನ್ನುತ್ತಾರಲ್ಲ, ಅದು ಇಟಲಿಯ ‘ಬಾಂಕಾ ರೊತ್ತಾ’, ಮುರಿದ ಮೇಜು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಸಾಲ ತೀರಿಸಲಾಗದವನ ಮೇಜನ್ನು ಜನ ಸಂತೆಯಲ್ಲೇ ಒಡೆದುಹಾಕುತ್ತಿದ್ದರು ಅನ್ನುವ ಕತೆ ತುಂಬಾ ಓಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ನಾನು ಅದನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. ‘ಮನೆ ಮುರಿಯಿತು’ ಎಂದಾಗ ನಾವು ಹಾರೆ ಹಿಡಿದು ಗೋಡೆ ಕೆಡವುವುದಿಲ್ಲ, ಅಲ್ವಾ? ರೊತ್ತಾ ಎಂಬುದಕ್ಕೂ ಸೋತ, ನಿಂತುಹೋದ ಎಂಬ ಅರ್ಥ ಇದ್ದೇ ಇದೆ.

ಔತಣಕ್ಕೆ ಹೇಳುವ ‘ಬ್ಯಾಂಕ್ವೆಟ್’ ಕೂಡ ಇದೇ ಮನೆಯದು. ಇಟಲಿಯ ‘ಬಾಂಕೆತ್ತೊ’ ಅಂದರೆ ಪುಟ್ಟ ಬೆಂಚು. ಮೊದಲಿಗೆ ಅದು ಭಾರಿ ಔತಣವಾಗಿರಲಿಲ್ಲ. ಎರಡು ಊಟದ ನಡುವೆ ಬೆಂಚಿನ ಮೇಲೆ ಕೂತು ಬಾಯಾಡಿಸುವುದಕ್ಕೆ ಆ ಹೆಸರಿತ್ತು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ದೊಡ್ಡವರ ಮನೆಯಲ್ಲಿ ಊಟದ ಕೊನೆಗೆ ಕೊಡುವ ಸಿಹಿ ತಿಂಡಿಗೆ ಬ್ಯಾಂಕ್ವೆಟ್ ಎನ್ನುತ್ತಿದ್ದರು. ಬೊಗಳೆ ಬಿಟ್ಟು ಔಷಧಿ ಮಾರುವ ನಕಲಿ ವೈದ್ಯನಿಗೆ ‘ಮೌಂಟಿಬ್ಯಾಂಕ್’ ಎಂಬ ಹೆಸರಿದೆ: ಬೆಂಚು ಹತ್ತಿದವನು. ಸಂತೆಯಲ್ಲಿ ಎಲ್ಲರಿಗೂ ಕಾಣಲಿ ಅಂತ ಬೆಂಚು ಹತ್ತಿ ಕೂಗುತ್ತಿದ್ದವನು ಅವನು.

ಹಣಕ್ಕೂ ಮೇಜಿಗೂ ಈ ನಂಟು ಯುರೋಪಿನಲ್ಲಿ ಇನ್ನೂ ಹಳೆಯದು. ಗ್ರೀಸಿಗೆ ಹೋದರೆ ಬ್ಯಾಂಕಿನ ಬೋರ್ಡಿನ ಮೇಲೆ ‘ಟ್ರಾಪೆಜ಼ಾ’ ಎಂದು ಬರೆದಿರುತ್ತದೆ. ಹಳೆಯ ಗ್ರೀಕಿನಲ್ಲಿ ಅದು ಮೇಜು, ನಾಲ್ಕು ಕಾಲಿನದು ಎಂಬ ಅರ್ಥ. ಇಟಲಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಅಲ್ಲಿಯೂ ನಾಣ್ಯ ಬದಲಾಯಿಸುವವರು ಮೇಜು ಹಾಕಿ ಕೂತಿದ್ದರು, ಅಲ್ಲಿಯೂ ಮೇಜಿನ ಹೆಸರೇ ವ್ಯವಹಾರದ ಹೆಸರಾಯಿತು. ಗಣಿತದಲ್ಲಿ ನಿಮ್ಮ ಮಗಳಿಗೆ ಟ್ರೆಪೀಜಿಯಂ ಬಂದಾಗ ಹೇಳಿ, ಅದೂ ‘ಪುಟ್ಟ ಮೇಜು’. ಪೀಠೋಪಕರಣಕ್ಕೆ ಅಧಿಕಾರ ಅಂಟುವುದು ಎಲ್ಲ ಕಡೆ ಇದ್ದದ್ದೇ. ನ್ಯಾಯಾಧೀಶರಿಗೆ ‘ಬೆಂಚ್’, ಕಂಪನಿ ನಡೆಸುವವರಿಗೆ ‘ಬೋರ್ಡ್’, ಅದರ ಹಳೆಯ ಅರ್ಥವೂ ಮೇಜೇ. ನಮ್ಮಲ್ಲೂ ನ್ಯಾಯಪೀಠ ಇದೆ, ಗದ್ದುಗೆ ಏರುವುದು ಇದೆ.

ದುಡ್ಡಿನ ಬ್ಯಾಂಕು ಆಮೇಲೆ ದುಡ್ಡನ್ನೂ ದಾಟಿತು. ಬೇಕಾದಾಗ ತೆಗೆಯಲು ಮುಂಚೆಯೇ ಕೂಡಿಡುವ ಜಾಗ ಯಾವುದಾದರೂ ಬ್ಯಾಂಕ್ ಆಯಿತು. 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ವೈದ್ಯ ಬರ್ನಾರ್ಡ್ ಫ್ಯಾಂಟಸ್ ರಕ್ತ ಸಂಗ್ರಹಿಸಿಡುವ ವ್ಯವಸ್ಥೆ ಮಾಡಿ ಅದಕ್ಕೆ ‘ಬ್ಲಡ್ ಬ್ಯಾಂಕ್’ ಎಂದು ಹೆಸರಿಟ್ಟರು. ನೀವು ಇಟ್ಟಿದ್ದಕ್ಕೆ ತಕ್ಕಂತೆ ತೆಗೆಯಬಹುದು ಅನ್ನುವ ಖಾತೆಯ ಲೆಕ್ಕಾಚಾರವೇ ಆ ಹೆಸರಿನ ಹಿಂದೆ ಇತ್ತು. ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಮೊದಲು ಬಳಸಿದವರು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್, 1955ರ ಒಂದು ಲೇಖನದಲ್ಲಿ.

ಯಂತ್ರಗಳಿಗೆ ಈ ಪದ ಇವತ್ತಿಗೂ ಆಗಾಗ ಕೈಕೊಡುತ್ತದೆ. ಯಂತ್ರ ಅನುವಾದಿಸಿದ ಒಂದು ಪಾಠ ತಿದ್ದಲು ನನ್ನ ಕೈಗೆ ಬಂದಿತ್ತು. ‘ಮೊಸಳೆ ಬ್ಯಾಂಕಿನಲ್ಲಿ ಬಿಸಿಲು ಕಾಯಿಸುತ್ತಾ ಮಲಗಿತ್ತು’ ಎಂದಿತ್ತು. ತಿದ್ದುವ ಮುಂಚೆ ಒಂದು ನಿಮಿಷ ಹಾಗೇ ಬಿಟ್ಟು ನೋಡಿದೆ. ಮನುಷ್ಯರಿಗೂ ಲಂಡನ್ನಿನಲ್ಲಿ ಇದೇ ಪೇಚು. ಅಲ್ಲಿ ‘ಬ್ಯಾಂಕ್’ ಎಂಬ ರೈಲು ನಿಲ್ದಾಣ ಇರುವುದು ಬ್ಯಾಂಕ್ ಆಫ್ ಇಂಗ್ಲೆಂಡ್ ಪಕ್ಕದಲ್ಲಿ. ‘ಬ್ಯಾಂಕ್‌ಸೈಡ್’ ಎಂಬ ಜಾಗ ಇರುವುದು ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ. ಆಸ್ಟ್ರೇಲಿಯಾದಲ್ಲಿ ‘ನದಿ ಬ್ಯಾಂಕರ್ ಓಡುತ್ತಿದೆ’ ಎಂದರೆ ನೀರು ದಂಡೆಯ ಮಟ್ಟಕ್ಕೆ ಬಂದಿದೆ ಎಂದು ಅರ್ಥ, ಹುಷಾರು ಎಂದು ಅರ್ಥ.

ಈಗ ಮಗಳ ಮೊದಲ ಪ್ರಶ್ನೆಗೆ ಬರೋಣ. ಜೋರ್ಡಾನ್ ಅಂತ ಒಂದು ನದಿ ಇದೆ. ಅದರ ಪಶ್ಚಿಮದ ಕಡೆಯ ನೆಲ ವೆಸ್ಟ್ ಬ್ಯಾಂಕ್. ಅರಬ್ಬಿಯಲ್ಲೂ ‘ದಿಫ್ಫ’ ಎನ್ನುತ್ತಾರೆ, ನದಿಯ ದಂಡೆ ಎಂದೇ ಅರ್ಥ. ನಮ್ಮ ಪತ್ರಿಕೆಗಳು ‘ಪಶ್ಚಿಮ ದಂಡೆ’ ಎಂದು ಬರೆದಾಗ ಈ ಗೊಂದಲವೇ ಇರುವುದಿಲ್ಲ, ನನಗೆ ಅದೇ ಇಷ್ಟ. ಮಾಮೂಲಾಗಿ ನದಿಯ ಎಡದಂಡೆ, ಬಲದಂಡೆ ಅನ್ನುವುದು ನೀರು ಹರಿದು ಹೋಗುವ ಕಡೆ ಮುಖ ಮಾಡಿ ನಿಂತಾಗ. ಇಲ್ಲಿ ಮಾತ್ರ ದಿಕ್ಕಿನ ಹೆಸರು ನಿಂತಿದೆ. ಅದಕ್ಕೆ ಕಾರಣವಿದೆ. 1948ರ ಯುದ್ಧದ ನಂತರ ಆ ಭಾಗ ಜೋರ್ಡಾನ್ ದೇಶದ ಕೈಗೆ ಬಂತು, 1950ರಲ್ಲಿ ಅವರು ಅದನ್ನು ತಮ್ಮ ದೇಶಕ್ಕೆ ಸೇರಿಸಿಕೊಂಡರು. ಆಗ ಅವರಿಗೆ ನದಿಯ ಎರಡೂ ಕಡೆ ನೆಲವಿತ್ತು, ಎರಡಕ್ಕೂ ಹೆಸರು ಬೇಕಾಯಿತು. ‘ವೆಸ್ಟ್ ಇದ್ದರೆ ಈಸ್ಟ್ ಬ್ಯಾಂಕ್ ಎಲ್ಲಿ?’ ಅಂತ ಅವಳು ಕೇಳಿಯೇ ಕೇಳುತ್ತಾಳೆ. ಭೂಪಟದಲ್ಲಿ ಇವತ್ತಿನ ಜೋರ್ಡಾನ್ ದೇಶದ ಮೇಲೆ ಬೆರಳಿಟ್ಟು ತೋರಿಸಿ.